ಯುಮ್ಮಾ ಉಡುಗೊರೆಯಲ್ಲ

ಯಜಮಾನಿ ಝೈನಬುವಿನ ಮಗಳ ಮದುವೆ ಮುಗಿದಿತ್ತು. ಮದುಮಗಳು ನೇಮಾ ಎಂಬ ಪಟ್ಟಣಕ್ಕೆ ಹೊರಟಿದ್ದಳು. ಅವಳ ಜೊತೆ ಚಾಪೆ, ದಿಂಬು, ಚಹಾದ ತಟ್ಟೆ, ಹಾಲು ಕೊಡುವ ಆಡುಗಳು ಹೋಗಬೇಕು. ಮನೆಯ ಆಳು ತರ್ಬಾಳ ಎಂಟು ವರ್ಷದ ಮಗಳು ಯುಮ್ಮಾಳೂ ಉಡುಗೊರೆಯಾಗಿ ಹೋಗಬೇಕು.

ತರ್ಬಾ ಕೇಳಿ ಮಗಳ ಬಟ್ಟೆ ಗಂಟು ಕಟ್ಟತೊಡಗಿದಳು. ಆ ಮನೆಗೆ ನೀರು ಸೇದುತ್ತ, ಸಜ್ಜೆ ಕುಟ್ಟುತ್ತಲೇ ಬೆಳೆದವಳು. ಕೂಲಿ ಅಂದರೇನೆಂದು ಕಂಡವಳಲ್ಲ. ಅವಳ ಮುದಿ ತಾಯಿ ಮಸೂದಾಳೂ ಹಾಗೆಯೇ.

ಸುದ್ದಿ ಕೇಳಿ ತರ್ಬಾಳ ಅಕ್ಕ ಸಲ್ಕಾ ಓಡಿಬಂದಳು. ಎಷ್ಟೋ ವರ್ಷದ ಹಿಂದೆ ಈ ಮನೆಯಿಂದ ತಪ್ಪಿಸಿಕೊಂಡು ರಾಜಧಾನಿ ಸೇರಿದವಳು. ಈಗ ಗುಲಾಮಗಿರಿ ವಿರೋಧಿ ಸಂಘದಲ್ಲಿದ್ದಾಳೆ.

"ಮಗೂನ ಕಳಿಸ್ತೀಯೇನೇ?"

"ಬೇಡ ಅನ್ನೋಕೆ ನಾನ್ಯಾರಕ್ಕ? ಅವರ ಅನ್ನ ತಿಂದಿದೀವಿ. ಮಾತು ಮೀರಿದ್ರೆ ನಮಗೆ ಸ್ವರ್ಗ ಇಲ್ವಂತೆ."

"ಯಾರು ಹೇಳಿದ್ದು?"

"ಯಜಮಾನಿ."

"ಸ್ವರ್ಗದ ಬೀಗದ ಕೈ ಅವಳ ಸೊಂಟದಲ್ಲಿದೆಯಾ? ಗುಲಾಮರನ್ನ ಬಿಡಿಸೋದೇ ಪುಣ್ಯ ಅಂತಾರೆ ನಮ್ಮ ಮಸೀದಿ ಇಮಾಮರು."

ಸಲ್ಕಾ ತಂಗಿಯ ಪಕ್ಕದಲ್ಲಿ ಕೂತಳು.

"ಕೇಳು. ಹಿಂದೆ ಆತಾರ್ ಪಟ್ಟಣದಲ್ಲಿ ಒಬ್ಬ ಹೆಂಗಸನ್ನ ಮಾರಿದ್ರು. ನಮ್ಮ ಜನ ಬೀದಿಗಿಳಿದ್ರು, ಜೈಲಿಗೂ ಹೋದ್ರು. ಮರುವರ್ಷ ಸರ್ಕಾರ ಗುಲಾಮಗಿರಿ ರದ್ದು ಅಂತು. ಆದ್ರೆ ಇಟ್ಕೊಂಡವರಿಗೆ ಶಿಕ್ಷೆ ಇರ್ಲಿಲ್ಲ. ಅದು ಅಪರಾಧ ಅನ್ನಿಸ್ಕೊಳ್ಳೋಕೆ ಇನ್ನೊಂದು ತಲೆಮಾರು ಹೋರಾಡ್ಬೇಕಾಯ್ತು."

"ಕಾನೂನು ಈ ಮರಳುಗಾಡಿಗೆ ಬರುತ್ತಾ?"

"ತಾನಾಗಿ ಬರಲ್ಲ. ನಾವೇ ಹೋಗಿ ಕರ್ಕೊಂಡು ಬರ್ಬೇಕು."

ಮೂಲೆಯಲ್ಲಿ ಕೂತಿದ್ದ ಮಸೂದಾ ಬಾಯಿ ಬಿಟ್ಟಳು.

"ನನ್ನನ್ನೂ ಹೀಗೇ ಮದುವೆ ಒಂಟೆ ಮೇಲೆ ಕೂರಿಸಿ ಕಳಿಸಿದ್ರು. ನಮ್ಮವ್ವ ಬಾವಿವರೆಗೂ ಹಿಂದೆ ಓಡಿಬಂದ್ಲು. ಈಗ ಅವಳ ಮುಖಾನೇ ನೆನಪಿಲ್ಲ." ಅವಳು ಮಗಳತ್ತ ತಿರುಗಿದಳು. "ಏಳು ತರ್ಬಾ. ಮಗೂನ ಎತ್ಕೋ."

ಮೂವರೂ ಯುಮ್ಮಾಳನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. "ಇದು ನಿಮ್ಮ ಮನೆ ವಿಷಯ, ಹೋಗಿ" ಎಂದ ಅಧಿಕಾರಿ. ಅವರು ಹೋಗಲಿಲ್ಲ. ಬಿಸಿಲಲ್ಲೇ ಬಾಗಿಲ ಮುಂದೆ ಕೂತರು. ಸಲ್ಕಾ ಸಂಘಕ್ಕೆ ಫೋನ್ ಮಾಡಿದಳು, ವಕೀಲರು ಬಂದರು. ಸಂಜೆಯ ನಮಾಜಿಗೆ ಮುಂಚೆ ದೂರು ದಾಖಲಾಯಿತು. ಮದುಮಗಳ ಕಾರು ಯುಮ್ಮಾ ಇಲ್ಲದೆಯೇ ಹೊರಟಿತು.

ಮರುದಿನ ಝೈನಬು ಅಳುತ್ತ ಠಾಣೆಯ ಬಳಿ ಬಂದಳು. "ನಿನ್ನನ್ನ ನನ್ನ ಮಗಳ ಹಾಗೆ ನೋಡ್ಕೊಂಡೆನಲ್ಲೇ ತರ್ಬಾ."

ತರ್ಬಾ ಎಂದಿನಂತೆ ಎದ್ದು ನಿಂತಳು. ಆದರೂ ಕೇಳಿದಳು: "ಹೌದಮ್ಮ. ಆದ್ರೆ ನಿಮ್ಮ ಮಗಳನ್ನ ಯಾರಿಗಾದ್ರೂ ಉಡುಗೊರೆ ಕೊಡ್ತಿದ್ರಾ?"

ಝೈನಬು ಕಣ್ಣೊರೆಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದಳು.

ಕೇಸು ಇನ್ನೂ ನಡೆಯುತ್ತಿದೆ. ತರ್ಬಾ ಪಟ್ಟಣದಲ್ಲಿ ಕುಸ್ಕುಸ್ ಎಂಬ ರವೆಯ ತಿನಿಸು ಮಾಡಿ ಮಾರುತ್ತಾಳೆ. ವ್ಯಾಪಾರ ಆಗದ ದಿನ ಒಲೆ ಹಚ್ಚುವುದೂ ಕಷ್ಟ. ಆದರೆ ಬೆಳಿಗ್ಗೆ ಯುಮ್ಮಾ ಶಾಲೆಗೆ ಹೋಗುತ್ತಾಳೆ, ಮಧ್ಯಾಹ್ನ ಅವ್ವನ ಹತ್ತಿರವೇ ಬರುತ್ತಾಳೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾವಿಗೆ ಬರುವ ಮಕ್ಕಳಲ್ಲಿ ಯಾವ ಮಗು ಶಾಲೆಗೆ ಹೋಗದೆ, ಕೂಲಿಯಿಲ್ಲದೆ ಬೇರೆಯವರ ಆಡು ಕಾಯುತ್ತಿದೆ, ನೋಡಿ. ಅದರ ಅವ್ವ ಎಲ್ಲಿದ್ದಾಳೆ ಎಂದು ಕೇಳಿ. ಸಂಘಕ್ಕೆ ತಿಳಿಸಿ. ಆ ಅವ್ವ ಠಾಣೆಗೆ ಹೊರಟರೆ ಒಬ್ಬಳನ್ನೇ ಕಳಿಸಬೇಡಿ, ಜೊತೆಗೆ ನೀವೂ ಹೋಗಿ.