ಗುಂಡಿಯೊಳಗಿನ ಗಂಟು

"ಔಷಧ ಕೊಡದೇ ಕಳಿಸಿ ನನ್ನ ಮಗನ್ನ ಕೊಂದಳು" ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಮಗ ಕ್ಲಬ್ಬಿನಲ್ಲಿ, ಮೇಜಿನ ಮೇಲಿನ ಚೆಂಡುಗಳನ್ನು ಕೋಲಿನಿಂದ ಗುಂಡಿಗೆ ಬೀಳಿಸುವ ಪೂಲ್ ಆಡುತ್ತಿದ್ದಾಗ ಉಬ್ಬಸ ಹೆಚ್ಚಿ ಸತ್ತಿದ್ದ. ಅವನ ಜೇಬಿನಲ್ಲಿ ಇನ್‌ಹೇಲರ್ ಇರಲಿಲ್ಲ. ಆದರೆ ಕೊಟ್ಟು ಕಳಿಸಿದ್ದು ಸೊಸೆಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಹಠ ಹಿಡಿದು ಅತ್ತೆಯನ್ನೂ ಆ ಕ್ಲಬ್ಬಿಗೆ ಕರೆತಂದಿದ್ದಳು.

"ಆವತ್ತಿಂದ ಈ ಮೂಲೆ ಗುಂಡೀಲಿ ಚೆಂಡು ಸಿಕ್ಕಿಹಾಕ್ಕೊಳ್ತಿದೆ ಅಕ್ಕಾ" ಎಂದ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್, ಪೂಲ್ ಮೇಜಿನ ಪಕ್ಕದ ಹಲಗೆ ಬಿಚ್ಚುತ್ತ. "ಚೆಂಡು ಒಳಗೆ ಬಿದ್ರೆ ವಾಪಸ್ ಪಡೆಯೋಕೆ ಮೇಜಿಗೆ ಮತ್ತೆ ಕಾಸು ಹಾಕ್ಬೇಕಲ್ಲ, ಅದಕ್ಕೆ ಗುಂಡಿಗೆ ಕೈಗೆ ಸಿಕ್ಕಿದ ಬಟ್ಟೆ ತುರುಕಿ ಆಡ್ತಾರೆ. ಮಹಾ ಜಿಪುಣರು! ಒಂದೊಂದ್ಸಲ ಬಟ್ಟೆನೂ ಒಳಗೆ ಜಾರಿಬಿಡತ್ತೆ."

ಭುಜದವರೆಗೆ ಕೈ ತೂರಿಸಿ ಅವನು ಎಳೆದದ್ದು ಅವಳ ಗಂಡನ ಕರವಸ್ತ್ರ. ಅದರ ಗಂಟಿನ ಸಂದಿಯಲ್ಲಿ ಇನ್‌ಹೇಲರ್ ಕಾಣುತ್ತಿತ್ತು.

"ನೋಡಿ ಅತ್ತೆ, ಕೊಟ್ಟಿದ್ದೆ ಅಂತ ಬಡ್ಕೊಂಡೆನಲ್ಲ!"

ಅತ್ತೆ ಗಂಟು ಬಿಚ್ಚಲು ನೋಡಿದರು. ಉಗುರು ನೊಂದಿತೇ ಹೊರತು ಗಂಟು ಸಡಿಲವಾಗಲಿಲ್ಲ.

"ಔಷಧಾನ ಹೀಗ್ಯಾರೇ ಬಿಗಿದು ಕಟ್ತಾರೆ?"

"ಎಲ್ಲಾದ್ರೂ ಮರೆತು ಬರ್ತಾರೆ ಅಂತ, ದಿನಾ ನಾನೇ..." ಎಂದವಳು ಗಂಟನ್ನು ನೋಡಿದಳು.

 ಅತ್ತೆ ಗಂಟನ್ನು ಹಾಗೇ ಸೊಸೆಯ ಕೈಗಿಟ್ಟು ಬಾಗಿಲ ಕಡೆ ನಡೆದರು.