ಖಾಲಿ ಆಂಪೂಲು

ಖಾಲಿ ಬರದೆ ತುಂಬಿದ್ದು ಹೋಗುವುದಿಲ್ಲ. ನಾಗಪುರದ ನಮ್ಮ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಮಾರ್ಫಿನ್ ಕೊಡುವ ಪದ್ಧತಿ ಇದು. ಬಳಸಿದ ಆಂಪೂಲುಗಳನ್ನು, ಕತ್ತು ಮುರಿದ ಆ ಪುಟ್ಟ ಗಾಜಿನ ಶೀಷೆಗಳನ್ನು, ವಾರ್ಡಿನವರು ಸ್ಟೀಲ್ ತಟ್ಟೆಯಲ್ಲಿಟ್ಟು ತರಬೇಕು. ನಾವು ಎಣಿಸಬೇಕು. ಎಷ್ಟು ಖಾಲಿಯೋ ಅಷ್ಟೇ ಹೊಸದು. ಒಂದೂ ಕಳ್ಳದಾರಿ ಹಿಡಿಯಬಾರದಲ್ಲ. ಬೀರುವಿಗೆ ಎರಡು ಬೀಗ. ಒಂದರ ಕೀಲಿ ನನ್ನದು, ಇನ್ನೊಂದು ನಮ್ಮ ಮುಖ್ಯಸ್ಥ ಬಾಲಸುಬ್ರಹ್ಮಣ್ಯ ಅವರದು. ಒಬ್ಬರೇ ತೆಗೆಯಲಾಗದು.

ಮೈಸೂರಿನಲ್ಲಿ ಎಂ.ಫಾರ್ಮ್ ಓದುವಾಗ ಇಂಥ ನಿಯಮಗಳು ನನಗೆ ಇಷ್ಟವಾಗುತ್ತಿದ್ದವು. ಪರೀಕ್ಷೆಯಲ್ಲಿ ಒಂದನ್ನೂ ಬಿಡದೆ ಬರೆದಿದ್ದೆ.

2021ರ ಏಪ್ರಿಲ್‌ನಲ್ಲಿ ಮೂರನೆಯ ಮಹಡಿ ಪೂರ್ತಿ ಕೊರೋನಾ ವಾರ್ಡಾಯಿತು. ಅಲ್ಲಿಂದ ಗಾಜು, ಹತ್ತಿ, ಉಗುಳು ಎಲ್ಲವೂ ಒಂದೇ ಹಳದಿ ಚೀಲದಲ್ಲಿ ಕಟ್ಟಿಸಿಕೊಂಡು ಸುಡಲು ಹೋಗುತ್ತಿದ್ದವು. ಖಾಲಿ ಆಂಪೂಲು ಕೆಳಗೆ ಬರುವಂತಿರಲಿಲ್ಲ. ಪದ್ಧತಿ ಮಾತ್ರ ಹಾಗೇ ಉಳಿಯಿತು. ಬದಲಿಸುವ ಕಾಗದಕ್ಕೆ ಸಹಿ ಹಾಕಲು ಯಾರೂ ತಯಾರಿರಲಿಲ್ಲ.

ನನ್ನ ಗಂಡ ಋತ್ವಿಕ್ ಅದೇ ವಾರ್ಡಿನಲ್ಲಿ ತೀರಿಕೊಂಡ ಹನ್ನೊಂದನೆಯ ದಿನ ನಾನು ಕೆಲಸಕ್ಕೆ ಮರಳಿದೆ. ಮೈಸೂರಿನಿಂದ ಅತ್ತೆ ಫೋನ್ ಮಾಡಿದರು.

"ಹದಿಮೂರಾದ್ರೂ ಆಗ್ಲಿ ಸಂಹಿತಾ. ಜನ ಏನಂತಾರೆ?"

"ಜನ ಎಲ್ಲಾ ಆಸ್ಪತ್ರೇಲಿದ್ದಾರೆ ಅತ್ತೆ," ಅಂದೆ.

ಅವರು ಅತ್ತರು. ನಾನು ಅಳಲಿಲ್ಲ. ಡಬ್ಬಿಗೆ ಮೊಸರನ್ನ ಹಾಕಿಕೊಂಡು, ಸ್ಕೂಟರ್ ಹತ್ತಿ ರಾಮದಾಸಪೇಠಿನ ಆಸ್ಪತ್ರೆಗೆ ಬಂದೆ.

ಆ ದಿನ ಮಧ್ಯಾಹ್ನ ಕೌಂಟರಿನ ಮುಂದೆ ಒಬ್ಬ ಮುದುಕಿ ನಿಂತಿದ್ದರು. ಸೀರೆಯ ಸೆರಗನ್ನೇ ಮಾಸ್ಕಿನ ಮೇಲೆ ಇನ್ನೊಂದು ಸುತ್ತು ಸುತ್ತಿಕೊಂಡಿದ್ದರು.

"ಯವ್ವಾ, ನೀ ಕನ್ನಡದಾಕಿ ಅಂತ ಸಿಸ್ಟರ್ ಹೇಳಿದ್ಳು. ಖರೇನ?"

"ಹೌದು. ಹೇಳಿ."

"ನಾ ಕಾಶಿಬಾಯಿ. ಕನ್ಹಾನ್‌ದಿಂದ ಬಂದೇನಿ. ನಮ್ಮನಿಯವರು ಯಲ್ಲಪ್ಪ ಅಂತ, ಮ್ಯಾಲ ಇಪ್ಪತ್ತೆರಡ್ನೇ ಕಾಟಿನ್ಯಾಗ ಅದಾರ. ಉಳಿಯೂದಿಲ್ಲ ಅಂತ ಡಾಕ್ಟರ್ ಸಾಫ್ ಹೇಳ್ಯಾರ. ಆತು, ಅದು ದೇವರ ಕಡೆ. ಆದರ ಕಿಡಕ್ಯಾಗಿಂದ ನೋಡಿದ್ನೆವ್ವಾ, ನೀರಾಗ ಮುಳುಗೋರಂಗ ಒದ್ದಾಡ್ತಾರ. ಅದಕ್ಕೊಂದು ಇಂಜೆಕ್ಷನ್ ಬರದಾರಂತ. ಕೆಳಗಿಂದ ಬರವಲ್ದು ಅಂತಾರ. ಕೆಳಗ ಅಂದ್ರ ನೀನೇ ಏನು?"

"ನಾನೇ," ಅಂದೆ.

"ಮತ್ತ ಜಲ್ದಿ ಕೊಡವ್ವಾ. ಮೂವತ್ತೈದು ವರ್ಷ ಮಿಲ್ಟ್ರಿ ಫ್ಯಾಕ್ಟರ್ಯಾಗ ಬಾಂಬ್ ಮಾಡ್ಯಾರ, ಒಂದಿನಾ ಅಂಜಿಲ್ಲ. ಜಲಮ ಪೂರ್ತಿ ನನ್ನ ಮಾತಿಗೆ ಒಮ್ಮೆ ಹೂಂ ಅಂದಾವ್ರಲ್ಲ. ಈಗ ಹೂಂ ಅನ್ನಾಕ ಉಸರಿಲ್ಲ."

ಚೀಟಿ ನನ್ನ ಮೇಜಿನ ಮೇಲೇ ಇತ್ತು. ಹಾಸಿಗೆ 22, ಉಸಿರಿನ ಸಂಕಟ ತಗ್ಗಿಸಲು ಮಾರ್ಫಿನ್, ನಾಲ್ಕು ಆಂಪೂಲು, ಡಾಕ್ಟರ ಸಹಿ. ಜೊತೆಗೆ ತಟ್ಟೆ ಇರಲಿಲ್ಲ. ಮೂರನೆಯ ಮಹಡಿಗೆ ಫೋನ್ ಮಾಡಿದೆ. ಹೇಮಲತಾ ಸಿಸ್ಟರ್ ಎತ್ತಿಕೊಂಡಳು. ಇಲ್ಲೇ ಪಕ್ಕದ ಕಾಮಠಿಯಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ಕನ್ನಡ, ಸಿಟ್ಟು ಮರಾಠಿಯಲ್ಲಿ.

"ಅಗಂ ಸಂಹಿತಾ, ಖಾಲಿ ಎಲ್ಲಿಂದ ತರ್ಲಿ? ಮುಂಜಾನಿ ಚೀಲ ಸುಡಾಕ ಹೋತು. ನಾ ಏನು ಭಟ್ಟಿಯೊಳಗ ಕೈ ಹಾಕ್ಲೇನ? ಕಾಯ್ ಚಾಲಲಯ್ ತುಮಚ? ಏನ್ ನಡಸೀರಿ ನೀವು? ಮನುಷಾ ಹೋದಮ್ಯಾಗ ಕಳಸ್ತೀರೇನ?"

ಫೋನ್ ಇಟ್ಟೆ. ನನ್ನ ಕೈ ಅಭ್ಯಾಸದಿಂದ ಕೆಂಪು ಪೆನ್ನಿನ ಕಡೆಗೆ ಹೋಗಿತ್ತು.

ಹನ್ನೊಂದು ದಿನಗಳ ಹಿಂದೆ ಇಂಥದೇ ಒಂದು ಚೀಟಿ ಬಂದಿತ್ತು. ಹಾಸಿಗೆ 9. ಚೀಟಿಯ ಮೇಲೆ ಹೆಸರು ಬರೆಯುವುದಿಲ್ಲ, ಹಾಸಿಗೆಯ ಸಂಖ್ಯೆ ಮಾತ್ರ. 'ಖಾಲಿ ಬಂದಿಲ್ಲ' ಎಂದು ಕೆಂಪಿನಲ್ಲಿ ಬರೆದು ಚೀಟಿಯನ್ನು ಹಾಗೇ ವಾರ್ಡಿಗೆ ವಾಪಸು ಕಳಿಸಿದೆ. ಋತ್ವಿಕ್ ಆ ಬೆಳಿಗ್ಗೆಯವರೆಗೆ ಹದಿನಾರರಲ್ಲಿದ್ದ. ಆಕ್ಸಿಜನ್ ಪಾಯಿಂಟ್ ಚೆನ್ನಾಗಿದೆಯೆಂದು ಒಂಬತ್ತಕ್ಕೆ ಬದಲಿಸಿದ್ದರು. ನನಗದು ತಿಳಿದದ್ದು ಮರುದಿನ, ಅವನ ಫೋನು ಮತ್ತು ಕನ್ನಡಕವನ್ನು ಕವರಿನಲ್ಲಿ ಹಾಕಿ ಕೊಟ್ಟಾಗ. ಕವರಿನ ಮೇಲೆ 9 ಎಂದು ಬರೆದಿತ್ತು.

ಕೆಂಪು ಪೆನ್ನನ್ನು ಕಸದ ಬುಟ್ಟಿಗೆ ಹಾಕಿದೆ. ಚೀಟಿ ಹಿಡಿದು ಒಳಗೆ ಹೋದೆ.

ಬಾಲಸುಬ್ರಹ್ಮಣ್ಯ ಸರ್ ಕೂಲರಿನ ಮುಂದೆ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಇಪ್ಪತ್ತು ವರ್ಷದಿಂದ ನಾಗಪುರದಲ್ಲಿದ್ದರೂ ಚಪಾತಿಯ ಪಕ್ಕ ಒಂದು ಹಿಡಿ ಅನ್ನ ಬೇಕೇ ಬೇಕು ಅವರಿಗೆ.

"ಸರ್, ಕೀಲಿ ಬೇಕು. ಇಪ್ಪತ್ತೆರಡಕ್ಕೆ ನಾಲ್ಕು."

"ಖಾಲಿ ಬಂತಾ?"

"ಬರಲ್ಲ ಸರ್. ಸುಟ್ಟು ಹೋಗಿದೆ."

"ನೋಡಮ್ಮ, ನಾನೇನು ಕಲ್ಲಲ್ಲ. ಮೇಲಿನವರಿಗೆ ಬರೆದಿದ್ದೀನಿ. ನಾಳೆ ಮೀಟಿಂಗ್ ಇದೆ, ಅಲ್ಲಿ ತೀರ್ಮಾನ ಆಗುತ್ತೆ."

"ಅವರಿಗೆ ನಾಳೆ ಇಲ್ಲ ಸರ್."

ಅವರು ಚಪಾತಿ ಮುರಿದರು, ತಿನ್ನಲಿಲ್ಲ. "ಇನ್‌ಸ್ಪೆಕ್ಟರ್ ಬಂದು ನಾಲ್ಕು ಎಲ್ಲಿ ಅಂದ್ರೆ? ನಿನ್ನ ರಿಜಿಸ್ಟ್ರೇಷನ್ ಹೋಗುತ್ತೆ. ನಾನು ರಿಟೈರ್ ಆಗೋಕೆ ಎರಡೇ ವರ್ಷ." ದನಿ ತಗ್ಗಿಸಿ ಕೇಳಿದರು, "ಇದು ಒಂಬತ್ತನೇ ಹಾಸಿಗೆ ವಿಷಯಕ್ಕೆ ತಾನೇ?"

"ಹೌದು."

"ನೀನು ನಿಯಮ ಪಾಲಿಸಿದೆ ಕಣಮ್ಮ. ತಪ್ಪು ಮಾಡಲಿಲ್ಲ."

"ನಾನೂ ಹಾಗೇ ಹೇಳ್ಕೊಂಡೆ ಸರ್. ಹನ್ನೊಂದು ದಿನ. ಇವತ್ತು ಹೇಳ್ಕೊಳೋಕೆ ಆಗ್ತಿಲ್ಲ."

ಅವರು ಎದ್ದರು. ಜೇಬಿನಿಂದ ಕೀಲಿ ತೆಗೆದು ಡಬ್ಬಿಯ ಮುಚ್ಚಳದ ಪಕ್ಕದಲ್ಲಿಟ್ಟರು.

"ಕೈ ತೊಳ್ಕೊಂಡು ಬರ್ತೀನಿ. ಐದು ನಿಮಿಷ. ಕೀಲಿ ಇಲ್ಲೇ ಮರೆತೆ ಅಂದ್ಕೋ."

ಅಷ್ಟು ಸಾಕಿತ್ತು. ನಾನು ತೆಗೆದುಕೊಳ್ಳಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಆದರೆ ಇವತ್ತು ಕದ್ದು ಕೊಟ್ಟರೆ ನಾಳೆ ಮತ್ತೆ ಕದಿಯಬೇಕು. ನಾನು ರಜೆಯಲ್ಲಿದ್ದ ದಿನ ಕದಿಯುವವರು ಯಾರು? ಕೀಲಿಯನ್ನು ಅವರ ಕಡೆಗೇ ಸರಿಸಿದೆ.

"ಮರೀಬೇಡಿ ಸರ್. ನಿಮ್ಮ ಬೀಗ ನೀವೇ ತೆಗೀರಿ. ಇಲ್ಲ ಅನ್ನೋದಾದ್ರೆ ಇಲ್ಲ ಅಂತ ರಿಜಿಸ್ಟರಲ್ಲಿ ಬರೀರಿ. ಸಮಯ ಹಾಕಿ ಸಹಿ ಮಾಡಿ. ಹೊರಗೆ ಅವರ ಹೆಂಡತಿ ನಿಂತಿದ್ದಾರೆ, ನಾನು ಓದಿ ಹೇಳ್ತೀನಿ."

"ನನ್ನನ್ನೇ ಹೆದರಿಸ್ತೀಯಾ?"

"ಹೌದು ಸರ್."

ಅವರು ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ ಗೊತ್ತಿಲ್ಲ. ಆ ದಿನಗಳಲ್ಲಿ ನಾನು ಕನ್ನಡಿ ನೋಡಿಕೊಳ್ಳುತ್ತಿರಲಿಲ್ಲ. ಡಬ್ಬಿ ಮುಚ್ಚಿ ಬೀರುವಿನ ತನಕ ನಡೆದು ಬಂದರು. ಮೊದಲು ನನ್ನ ಬೀಗ, ಆಮೇಲೆ ಅವರದು.

ರಿಜಿಸ್ಟರಿನ ಕೊನೆಯ ಅಂಕಣದಲ್ಲಿ ಬರೆದೆ: 'ಖಾಲಿ ಬಂದಿಲ್ಲ, ವಾರ್ಡಿನಲ್ಲಿ ಸುಡಲಾಗಿದೆ. ಗೊತ್ತಿದ್ದೇ ಕೊಟ್ಟಿದ್ದೇನೆ.' ನನ್ನ ಹೆಸರು. ಕೆಳಗೆ ಅವರೂ ಸಹಿ ಮಾಡಿದರು.

ನಾಲ್ಕು ಆಂಪೂಲುಗಳನ್ನು ನಾನೇ ಮೇಲೆ ಒಯ್ದೆ. ಕಾಶಿಬಾಯಿ ಹಿಂದೆಯೇ ಮೆಟ್ಟಿಲು ಹತ್ತಿದರು. ವಾರ್ಡಿನ ಬಾಗಿಲಲ್ಲಿ ಹೇಮಲತಾ ಪಿಪಿಇ ಕಿಟ್ ತೊಟ್ಟ ಕೈಯನ್ನು ಚಾಚಿ ತೆಗೆದುಕೊಂಡಳು. ನಾವಿಬ್ಬರೂ ಗಾಜಿನ ಕಿಟಕಿಯ ಈಚೆ ನಿಂತೆವು. ಇಂಜೆಕ್ಷನ್ ಕೊಟ್ಟ ಮೇಲೆ ಅವಳು ಕಿಟಕಿಯ ಹತ್ತಿರ ಬಂದು, ಕತ್ತು ಮುರಿದ ಶೀಷೆಯನ್ನು ಗಾಜಿಗೆ ಒತ್ತಿ ಹಿಡಿದಳು. ನಾನು ಅದನ್ನು ನೋಡಿ ಚೀಟಿಯಲ್ಲಿ 'ಒಂದು' ಎಂದು ಬರೆದೆ. ಖಾಲಿ ಕೆಳಗೆ ಬರಲಾಗದಿದ್ದರೆ ನಾನು ಮೇಲೆ ಬರಬಹುದು. ಇಷ್ಟು ಸಣ್ಣ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ.

ಅರ್ಧ ಗಂಟೆಯ ಮೇಲೆ ಕಾಶಿಬಾಯಿ ನನ್ನ ತೋಳು ಹಿಡಿದುಕೊಂಡರು.

"ನೋಡಲ್ಲಿ, ಹೆಗಲ ಇಳದ್ವು."

ಕಿವಿಯ ತನಕ ಎದ್ದಿದ್ದ ಯಲ್ಲಪ್ಪನವರ ಹೆಗಲುಗಳು ನಿಜಕ್ಕೂ ಇಳಿದಿದ್ದವು. ಅವರು ಕಿಟಕಿಯ ಕಡೆ ತಲೆ ತಿರುಗಿಸಿದರು. ಕಾಶಿಬಾಯಿ ಗಾಜಿನ ಮೇಲೆ ಬಡಿದು, "ಊಟಾ ಮಾಡೇನಿ, ಕಾಳಜಿ ಬ್ಯಾಡ," ಎಂದು ಕೂಗಿದರು. ಸುಳ್ಳು. ಯಲ್ಲಪ್ಪ ತಲೆಯಾಡಿಸಿದರು.

"ಹೂಂ ಅಂದ್ರು!" ಎಂದು ಕಾಶಿಬಾಯಿ ನನ್ನ ಕಡೆ ತಿರುಗಿದರು. "ನೋಡಿದ್ಯಾ? ನೀ ಸಾಕ್ಷಿ."

ಮರುದಿನ ಸಂಜೆ ಯಲ್ಲಪ್ಪನವರು ನಿದ್ದೆಯಲ್ಲೇ ಹೋದರು. ಮೊದಲ ಮೂರು ಖಾಲಿಗಳನ್ನು ನಾನು ಗಾಜಿನಲ್ಲಿ ನೋಡಿದ್ದೆ. ನಾಲ್ಕನೆಯದು ಬಳಕೆಯಾಗಲಿಲ್ಲ. ವಾರ್ಡಿನೊಳಗೆ ಹೋಗಿದ್ದರಿಂದ, ಸೀಲು ಮುರಿಯದೆ ಇದ್ದ ಅದೂ ಸುಡುವ ಚೀಲಕ್ಕೇ ಹೋಗಬೇಕಿತ್ತು. ಅದು ಚೀಲಕ್ಕೆ ಹೋದದ್ದಕ್ಕೆ ನಾನೂ ಹೇಮಲತಾಳೂ ಸಹಿ ಹಾಕಿದೆವು.

ಮೀಟಿಂಗಿನಲ್ಲಿ ಏನೂ ತೀರ್ಮಾನವಾಗಲಿಲ್ಲ. ಮೂರನೆಯ ದಿನ, ಖಾಲಿ ಇಲ್ಲದೆ ಕೊಟ್ಟದ್ದೇಕೆಂದು ಕೇಳಿ ಆಡಳಿತ ಕಚೇರಿಯಿಂದ ಮೆಮೊ ಬಂತು. ಜೊತೆಗೆ ಒಂದು ಉತ್ತರವನ್ನೂ ಅವರೇ ಟೈಪ್ ಮಾಡಿಸಿ ಕಳಿಸಿದ್ದರು: ಪತಿವಿಯೋಗದ ದುಃಖದಲ್ಲಿ ಕೈತಪ್ಪಿನಿಂದ ಹೀಗಾಯಿತು, ಕ್ಷಮಿಸಬೇಕು. ನಾನು ಸಹಿ ಹಾಕಿದರೆ ಸಾಕು, ವಿಷಯ ಅಲ್ಲಿಗೇ ಮುಗಿಯುತ್ತದೆ.

"ಹಾಕ್ಬಿಡಮ್ಮ," ಅಂದರು ಸರ್. "ಒಳ್ಳೇ ಮನಸ್ಸಿಂದಾನೇ ಕಳಿಸಿದ್ದಾರೆ."

ನಾನು ಆ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬರೆದೆ: 'ಕೈ ತಪ್ಪಿದ್ದು ಹಾಸಿಗೆ 9ರ ಚೀಟಿಯಲ್ಲಿ. ಅಂದು ಕೊಡಬೇಕಿತ್ತು, ಕೊಡಲಿಲ್ಲ. ಹಾಸಿಗೆ 22ಕ್ಕೆ ತಿಳಿದೇ ಕೊಟ್ಟೆ. ಇನ್ನು ಮುಂದೆ ಖಾಲಿಗಳನ್ನು ವಾರ್ಡಿನ ಕಿಟಕಿಯಲ್ಲಿ ಎಣಿಸುತ್ತೇನೆ. ಬೇಡವೆಂದಾದರೆ ಹಾಗೆಂದು ಬರೆದು ಕಳಿಸಿ.'

ಸಹಿ ಮಾಡುತ್ತಿದ್ದಾಗ ಫೋನ್ ಬಂತು. ಹೇಮಲತಾ. ಹಾಸಿಗೆ 5, ಎರಡು ಆಂಪೂಲು.

"ಸರ್, ಕೀಲಿ," ಎಂದು ತಿರುಗಿದೆ.

ಅವರು ಆಗಲೇ ಬೀರುವಿನ ಮುಂದೆ ನಿಂತಿದ್ದರು.