ಎಡಗೈಯ ಕೂದಲು

ನಾಲ್ಕು ಎಂದು ಬರೆಯಲು ಪೆನ್ನು ಊರಿದವನು ಹಾಗೇ ನಿಂತುಬಿಟ್ಟ.

ಬೇಲಿಯಾಚೆ ಮರದ ದಿಮ್ಮಿಯ ಮೇಲೆ ಮುದಿ ಕೋತಿ ದೊಡ್ಡಮ್ಮ ಮೈಚೆಲ್ಲಿ ಮಲಗಿದ್ದಳು. ಕುಳ್ಳಿ ಅನ್ನುವ ಇನ್ನೊಂದು ಮುದಿ ಕೋತಿ ಅವಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲು ಬಿಡಿಸಿ ಬಿಡಿಸಿ ನೋಡುತ್ತಿತ್ತು. ಹನ್ನೊಂದು ವರ್ಷ ಪ್ರಯೋಗಾಲಯದ ಒಂಟಿ ಗೂಡಿನಲ್ಲಿ ಕೂತು ದೊಡ್ಡಮ್ಮ ತಾನೇ ಕಿತ್ತು ಬೋಳು ಮಾಡಿಕೊಂಡಿದ್ದ ಕೈ ಅದು.

ಆ ಹನ್ನೊಂದು ವರ್ಷವೂ ಅವಳನ್ನು ನೋಡಿಕೊಂಡವನು ಅವನೇ. ಬೆಳಿಗ್ಗೆ ಗೂಡು ಗುಡಿಸಿದ ಮೇಲೆ ಅಂಗಿಯ ತೋಳು ಮಡಚಿ ಸರಳಿಗೆ ಕೈ ಒಡ್ಡುತ್ತಿದ್ದ. ಅವಳು ಒಂದೊಂದೇ ಕೂದಲು ಪರೀಕ್ಷಿಸಿ, ಬೇಡವಾದದ್ದನ್ನು ಕಿತ್ತೆಸೆಯುತ್ತಿದ್ದಳು. "ಇದೇನ್ರೀ ಕೈ, ಇಲಿ ತಿಂದ ಹಾಗೆ!" ಎಂದು ಹೆಂಡತಿ ರೇಗಿದರೆ ನಕ್ಕುಬಿಡುತ್ತಿದ್ದ.

ಮುದಿ ಕೋತಿಗಳನ್ನು ಈ ಬಯಲಿಗೆ ಬಿಟ್ಟು ಆರು ವಾರ. ವಾರಕ್ಕೊಮ್ಮೆ ಮೈಕೂದಲಿಗೆ ಅಂಕ ಹಾಕಬೇಕು: ತುಂಬಿದ ಮೈಗೆ ಒಂದು, ಪೂರ್ತಿ ಬೋಳಿಗೆ ಐದು. ಅಂಕ ಇಳಿಯದಿದ್ದರೆ ಬಯಲು ಒಗ್ಗಲಿಲ್ಲವೆಂದು ಹಳೇ ಗೂಡಿಗೆ ವಾಪಸ್ಸು. ಸೂಜಿ ಚುಚ್ಚುವ ಡಾಕ್ಟರಮ್ಮನನ್ನು ಕಂಡರೆ ಕೋತಿಗಳು ಮಾಯವಾಗುತ್ತಿದ್ದವು. ಹಾಗಾಗಿ ಅವನು ಬರೆದದ್ದೇ ಸಾಕ್ಷಿ. ಐದು ವಾರವೂ ನಾಲ್ಕೇ ಬರೆದಿದ್ದ. ಮೊದಲೆರಡು ಮಾತ್ರ ನಿಜ.

"ಏನಣ್ಣಾ, ಸವತೀನ ನೋಡೋ ಹಾಗೆ ನೋಡ್ತಿದ್ದೀರಾ! ಕುಳ್ಳಿ ಸುಟ್ಟು ಬೂದಿಯಾದಾಳು ಪಾಪ," ಎಂದಳು ಕಸ ಗುಡಿಸುವವಳು.

"ನಿನ್ನ ಕೆಲ್ಸ ನೋಡ್ಕೊಳಮ್ಮ ತಾಯಿ."

"ನೋಡ್ಕೊತೀನಿ ಬಿಡಿ. ಆದ್ರೂ ನಿಮ್ಮ ದೊಡ್ಡಮ್ಮ ಹತ್ತು ವರ್ಷ ಚಿಕ್ಕೋಳಾಗಿದ್ದಾಳೆ. ಬೆಳಿಗ್ಗೆ ಆ ಮರ ಏರಿದ ಠೀವಿ ನೋಡಿದ್ರಾ?"

ನೋಡಿದ್ದ. ಕಸ ಗುಡಿಸುವವಳು ಅತ್ತ ಹೋದ ಮೇಲೆ ಅಂಗಿಯ ತೋಳು ಮಡಚಿ, ಬೇಲಿಗೆ ಕೈ ಒತ್ತಿ, ನಾಲಿಗೆಯಿಂದ ಲೊಚಗುಟ್ಟಿದ. ಹಳೆಯ ಕರೆ. ದೊಡ್ಡಮ್ಮ ತಲೆಯೆತ್ತಿ ನೋಡಿದಳು. ಅವನು ಕೈಯನ್ನು ಇನ್ನಷ್ಟು ಒತ್ತಿದ. ಅವಳು ನಿಧಾನಕ್ಕೆ ಮಗ್ಗುಲು ಬದಲಿಸಿ ಬಲಗೈ ಚಾಚಿದಳು, ಕುಳ್ಳಿಗೆ.

"ಎಷ್ಟು ಬರ್ದ್ರಿ?" ಡಾಕ್ಟರಮ್ಮ ಗೇಟಿನಾಚೆಯಿಂದಲೇ ಕೇಳಿದರು. "ನಾಲ್ಕೇ ಇದ್ರೆ ನಾಳೆನೇ ಗೂಡಿಗೆ ಹಾಕ್ಬಿಡೋಣ. ನಿಮ್ಗೂ ಅವಳಿಲ್ದೆ ಬೇಜಾರು, ಅಲ್ವಾ?"

ಗೂಡನ್ನು ನಿನ್ನೆಯೇ ತೊಳೆದಿಟ್ಟಿದ್ದ. ತೊಳೆಯುವಾಗ ಮೂಲೆಯ ಮೋರಿಯಿಂದ ಒಂದು ಹಿಡಿ ಕೂದಲು ಬಂದಿತ್ತು, ಅವಳದ್ದೇ, ಗಂಟುಗಂಟಾಗಿ. ದಿನಕ್ಕೆ ಹತ್ತು ನಿಮಿಷ ಅವನು ಸರಳಿಗೆ ಕೈ ಒಡ್ಡುತ್ತಿದ್ದ. ಉಳಿದ ಹೊತ್ತಿನಲ್ಲಿ ಅವಳು ಕಿತ್ತುಕೊಂಡ ಕೂದಲು ಇದು.

"ಎರಡು, ಮೇಡಂ."

"ಎರಡಾ? ಒಂದೇ ವಾರದಲ್ಲಿ?"

"ಇಲ್ಲ... ನಾಲ್ಕು ವಾರದಿಂದ ಕೂದಲು ಬರ್ತಾ ಇದೆ. ನಾನು ಬರೀಲಿಲ್ಲ."

"ಹಳೇ ಹಾಳೆಗಳನ್ನೂ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ ತನ್ನಿ," ಎಂದು ಡಾಕ್ಟರಮ್ಮ ಹೊರಟುಹೋದರು.

ಬರೆಯಲು ಹಾಳೆಗಳನ್ನು ಮುಂಗೈ ಮೇಲೆ ಆನಿಸಿಕೊಂಡ. ಮಡಚಿದ ತೋಳನ್ನು ಇನ್ನೂ ಇಳಿಸಿರಲಿಲ್ಲ. ಇಲಿ ತಿಂದಂತಿದ್ದ ಜಾಗದಲ್ಲಿ ಮೋಟು ಮೋಟಾಗಿ ಕಪ್ಪು ಕೂದಲು ಎದ್ದಿತ್ತು. ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದ. ಚುಚ್ಚಿತು.